ಫ್ಲೂ ಜ್ವರ: ದಿನ ಎಣಿಸಿ ಆರೈಕೆ ಮಾಡುವುದು ಹೇಗೆ?

ಜ್ವರ ಶುರುವಾದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅದೇ ಒಂದನೇ ದಿನ. ಫ್ಲೂನಲ್ಲಿ ಮುಂದೆ ಏನು ಮಾಡಬೇಕು ಎಂಬುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ. ಮೂರನೇ ದಿನ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗುವವರು ಬಹಳ. ಫ್ಲೂ ತರುವುದು ವೈರಸ್, ಅದರ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡುವುದೇ ಇಲ್ಲ. ನಾಲ್ಕೈದು ದಿನಕ್ಕೆ ಜ್ವರ ತಾನಾಗಿಯೇ ಬಿಟ್ಟಾಗ ಹೆಸರು ಮಾತ್ರ ಮಾತ್ರೆಗೆ ಬರುತ್ತದೆ.

1–2ನೇ ದಿನ

ವೈರಸ್ ಹೊಕ್ಕ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ. ಚಳಿ, ಮೈಕೈ ನೋವು, ಜ್ವರ ಎಲ್ಲವೂ ಬಹುಪಾಲು ಈ ಹೋರಾಟದ ಫಲ. ಆದ್ದರಿಂದ ಥರ್ಮಾಮೀಟರ್ ಅಂಕಿ ಇಳಿಸುವ ಹಟ ಬೇಡ, ರೋಗಿಗೆ ಹಾಯೆನಿಸಿದರೆ ಸಾಕು. ಮಕ್ಕಳಿಗೆ ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕೆ.ಜಿ.ಗೆ 15 ಮಿ.ಗ್ರಾಂ, 6 ಗಂಟೆ ಅಂತರ, ದಿನಕ್ಕೆ 4 ಸಲ ಮೀರಬಾರದು. 10 ಕೆ.ಜಿ. ತೂಕದ ಮಗುವಿಗೆ, 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಇರುವ ಸಿರಪ್ ಆದರೆ 6 ಮಿ.ಲೀ., 250 ಇರುವುದಾದರೆ 3 ಮಿ.ಲೀ. ಬಾಟಲಿ ಬದಲಾದಾಗ ಲೇಬಲ್ ಮತ್ತೆ ಓದಿ. ಅಡುಗೆಮನೆ ಚಮಚದಲ್ಲಿ ಅಳೆಯಲೇಬೇಡಿ. ಅನೇಕ ‘ನೆಗಡಿ ಮಾತ್ರೆ’ಗಳ ಒಳಗೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಯಕೃತ್ತಿಗೆ ಪೆಟ್ಟು. ಆಸ್ಪಿರಿನ್, ನಿಮೆಸುಲೈಡ್ ಮಕ್ಕಳಿಗೆ ಬೇಡವೇ ಬೇಡ.

ಗರ್ಭಿಣಿಯರು, ವಯಸ್ಸಾದವರು, ಎಳೆಯ ಮಕ್ಕಳು, ಆಸ್ತಮಾ ಅಥವಾ ಸಕ್ಕರೆ ಕಾಯಿಲೆ ಇರುವವರು 48 ಗಂಟೆಯೊಳಗೆ ವೈದ್ಯರಿಗೆ ತೋರಿಸಬೇಕು. ಫ್ಲೂ ವೈರಸ್ಸನ್ನು ತಡೆಯುವ ಔಷಧ ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಆ ಅವಧಿಯಲ್ಲಿ ಶುರು ಮಾಡಿದಾಗ.

3–6ನೇ ದಿನ

ಎಡವುವುದು ಇಲ್ಲೇ. ಈ ಹೊತ್ತಿಗೆ ಟಿ ಕೋಶಗಳು (ಬಿಳಿ ರಕ್ತಕಣಗಳ ಒಂದು ಬಗೆ) ಬಂದು ಸೋಂಕು ತಗುಲಿದ ಜೀವಕೋಶಗಳನ್ನು ಕೊಲ್ಲುತ್ತವೆ. ಶ್ವಾಸನಾಳದ ಒಳಪದರ, ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳ ಸಮೇತ ಉದುರುತ್ತದೆ. ಹಾಗಾಗಿ ಜ್ವರ ಇಳಿಯುವಾಗಲೇ ಕೆಮ್ಮು ಜೋರಾಗುವುದುಂಟು. ಕಫ ಹಸಿರಾದರೂ ಗಾಬರಿ ಬೇಡ. ಬಿಳಿ ರಕ್ತಕಣಗಳಲ್ಲಿರುವ ಒಂದು ಕಿಣ್ವದ ಬಣ್ಣ ಅದು. ಬರೀ ಬಣ್ಣ ನೋಡಿ ಆಂಟಿಬಯೋಟಿಕ್ ಶುರು ಮಾಡುವುದು ತಪ್ಪು.

ನಿಜವಾಗಿ ಕಣ್ಣಿಡಬೇಕಾದದ್ದು ಮರುಕಳಿಸುವ ಜ್ವರದ ಮೇಲೆ. ಔಷಧವಿಲ್ಲದೆ ಒಂದು ದಿನ ಪೂರ್ತಿ ಜ್ವರ ಬಿಟ್ಟಿದ್ದು ಮತ್ತೆ ಏರಿದರೆ, ಒಳಪದರ ಕಳೆದುಕೊಂಡ ಶ್ವಾಸಕೋಶಕ್ಕೆ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಇಳಿದಿರಬಹುದು. ಆಂಟಿಬಯೋಟಿಕ್ ಬೇಕಾಗುವುದು ಆಗ, ಅದೂ ವೈದ್ಯರು ಎದೆ ಪರೀಕ್ಷಿಸಿದ ಮೇಲೆ.

ಮಕ್ಕಳ ಉಸಿರನ್ನು ದಿನಕ್ಕೆರಡು ಸಲ ಎಣಿಸಿ. ಮಗು ಮಲಗಿರಬೇಕು ಅಥವಾ ಸುಮ್ಮನಿರಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ ಲೆಕ್ಕ ಉಪಯೋಗಕ್ಕಿಲ್ಲ. ಅಂಗಿ ಮೇಲೆತ್ತಿ ಹೊಟ್ಟೆ ನೋಡಿ: ಒಮ್ಮೆ ಏರಿ ಇಳಿದರೆ ಒಂದು. ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಬೇಡ, ಮಕ್ಕಳ ಉಸಿರಿನ ಲಯ ಒಂದೇ ಸಮ ಇರುವುದಿಲ್ಲ. 2 ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದವರೆಗೆ 40 ಮುಟ್ಟಿದರೆ ಆಸ್ಪತ್ರೆಗೆ ಹೊರಡಿ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದರೆ, ಮಗು ಹಾಲು ಬಿಟ್ಟರೆ ಎಣಿಸುತ್ತ ಕೂರಬೇಡಿ. 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಒಂದನೇ ದಿನವೇ, ಔಷಧ ಕೊಡುವ ಮೊದಲೇ ತೋರಿಸಬೇಕು. ದೊಡ್ಡವರಿಗೆ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯುವ ಸಾಧನ) ಹಾಕುವುದಾದರೆ ಉಗುರುಬಣ್ಣ ಅಳಿಸಿ, ಬೆರಳು ಬೆಚ್ಚಗೆ ಮಾಡಿ, ಒಂದು ನಿಮಿಷ ಅಲುಗಾಡದೆ ಕೂರಿಸಿ. ಶೇ. 94ಕ್ಕಿಂತ ಕಡಿಮೆ ತೋರಿಸಿದರೆ ಆಸ್ಪತ್ರೆಗೆ ಹೊರಡಿ.

7ನೇ ದಿನದ ಮೇಲೆ

ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ವೈರಸ್ಸನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು, ಏರತೊಡಗುತ್ತವೆ. ಕೆಮ್ಮು ಎರಡು ವಾರ ಉಳಿದೀತು. ವರ್ಷ ತುಂಬಿದ ಮಕ್ಕಳಿಗೆ ಮಲಗುವ ಮುನ್ನ ಅರ್ಧ ಚಮಚ ಜೇನು ಸಾಕು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡಬೇಡಿ, ಸುಟ್ಟಗಾಯದ ಅಪಾಯ ದೊಡ್ಡದು.

ಈ ಪ್ರತಿಕಾಯಗಳು ಮುಖ್ಯವಾಗಿ ಈಗ ಬಂದ ತಳಿಯನ್ನಷ್ಟೇ ಗುರುತಿಸುತ್ತವೆ. ಒಮ್ಮೆ ಫ್ಲೂ ಬಂದುಹೋದವರಿಗೂ ಲಸಿಕೆ ಬೇಕು. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಮೂಡಲು ಸುಮಾರು ಎರಡು ವಾರ ಹಿಡಿಯುತ್ತದೆ, ಆದ್ದರಿಂದ ಕರ್ನಾಟಕದವರು ಮುಂಗಾರು ಕಾಲಿಡುವ ಮುನ್ನ, ಮೇ ಮಧ್ಯದೊಳಗೆ ಹಾಕಿಸಿಕೊಳ್ಳಿ.