ಭಾರ ಲೋಹ ಕಾಳಿನ ಮೊಳಕೆಯನ್ನು ಹೇಗೆ ಕಾಡುತ್ತದೆ? ನೀವೇ ಮಾಡಿ ನೋಡಿ

ಮೊದಲ ಸಲಕ್ಕೇ ಸೀಸ, ಕ್ಯಾಡ್ಮಿಯಂ ಮುಟ್ಟಲು ಹೋಗಬೇಡಿ. ತಾಮ್ರ ಸಾಕು. ಲ್ಯಾಬ್‌ಗೆಂದೇ ಸಿಗುವ ಶುದ್ಧ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್‌ನ ನೀಲಿ ಹರಳು, 3.93 ಗ್ರಾಂ ತೂಗಿಕೊಳ್ಳಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡಿದರೆ 1000 ಪಿಪಿಎಂ (ಅಂದರೆ ಲೀಟರಿಗೆ 1000 ಮಿಲಿಗ್ರಾಂ) ತಾಮ್ರದ ದ್ರಾವಣ ಸಿದ್ಧ. 1 ಗ್ರಾಂ ಹರಳು ಹಾಕಿದರೆ 1000 ಪಿಪಿಎಂ ಆಯ್ತಲ್ವಾ ಅಂದ್ಕೋಬೇಡಿ, ಹರಳಿನಲ್ಲಿ ತಾಮ್ರ ಇರುವುದು ಹೆಚ್ಚುಕಡಿಮೆ ಕಾಲು ಭಾಗ, ಉಳಿದದ್ದೆಲ್ಲ ಸಲ್ಫೇಟ್ ಮತ್ತು ನೀರು. ಈ ದ್ರಾವಣದಿಂದ 1, 2.5, 5, 10 ಮಿ.ಲೀ. ತೆಗೆದು, ಒಂದೊಂದಕ್ಕೂ ನೀರು ಸೇರಿಸಿ 100 ಮಿ.ಲೀ. ಮಾಡಿ. 10, 25, 50, 100 ಪಿಪಿಎಂ ಸಿಗುತ್ತದೆ. ಬರೀ ನೀರಿನದೂ ಒಂದು ಇರಲೇಬೇಕು, ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುತ್ತೀರಿ?

ಹೆಸರುಕಾಳು ಬೇಗ ಮೊಳೆಯುತ್ತದೆ, ಅದನ್ನೇ ತಗೊಳ್ಳಿ. ಒಡೆದದ್ದು, ಹುಳು ಹಿಡಿದದ್ದು ಬೇಡ. ಮುಚ್ಚಳವಿರುವ ಚಪ್ಪಟೆ ತಟ್ಟೆ, ಅಂದರೆ ಪೆಟ್ರಿ ಡಿಶ್‌ನಲ್ಲಿ ಫಿಲ್ಟರ್ ಪೇಪರ್ ಹಾಸಿ 20 ಕಾಳು ಜೋಡಿಸಿ. ಪ್ರತಿ ಅಳತೆಗೂ ಮೂರು ಡಿಶ್ ಇರಲಿ. ಎಲ್ಲಕ್ಕೂ ಒಂದೇ ಪ್ರಮಾಣದ ದ್ರಾವಣ ಹಾಕಿ, ಕಾಳು ಮುಳುಗಬಾರದು. ಮುಚ್ಚಳದ ಅಂಚಿಗೆ ಟೇಪ್ ಸುತ್ತಿ, 25 ಡಿಗ್ರಿ ಆಸುಪಾಸಿನ ಕತ್ತಲೆ ಜಾಗದಲ್ಲಿಡಿ. ಟೇಪ್ ಸುಮ್ನೆ ಅಲ್ಲ. ನೀರು ಆವಿಯಾದರೆ ಲೋಹದ ಸಾಂದ್ರತೆ ತಾನಾಗೇ ಏರಿಬಿಡುತ್ತದೆ.

ದಿನಾ ಒಂದೇ ಹೊತ್ತಿಗೆ ಎಣಿಸಿ. ಬೇರು 2 ಮಿ.ಮೀ. ಹೊರಬಂದಿದ್ದರೆ ಮೊಳೆತಿದೆ ಅಂತ ಲೆಕ್ಕ. ಆದರೆ ಎಣಿಕೆಯನ್ನಷ್ಟೇ ನಂಬಿದರೆ ಮೋಸ ಹೋಗುತ್ತೀರಿ. ಸಿಪ್ಪೆ ಲೋಹವನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ಮೊಳೆಯಲು ಬೇಕಾದ ಆಹಾರ ಬೇಳೆಯೊಳಗೇ ಇರುತ್ತದೆ, ಹಾಗಾಗಿ ಸಾಕಷ್ಟು ತಾಮ್ರವಿದ್ದರೂ ಕಾಳು ಮೊಳೆತುಬಿಡಬಹುದು. ನಿಜವಾದ ಕಥೆ ಗೊತ್ತಾಗುವುದು ಬೇರಿನಲ್ಲಿ. ಐದಾರು ದಿನದ ನಂತರ ಎರಡು ಡಿಶ್ ಪಕ್ಕಪಕ್ಕ ಇಟ್ಟು ನೋಡಿ: ನೀರಿನದರಲ್ಲಿ ಬೇರು ಬೆಳ್ಳಗೆ ಉದ್ದಕ್ಕೆ ಇಳಿದಿರುತ್ತದೆ, ಕವಲು ಒಡೆದಿರುತ್ತದೆ. ತಾಮ್ರ ಜಾಸ್ತಿ ಇದ್ದದ್ದರಲ್ಲಿ ಮೊಂಡಾಗಿ, ದಪ್ಪಗಾಗಿ, ತುದಿ ಕಂದಿರುತ್ತದೆ. ಬೇರು ಡೊಂಕಾಗಿದ್ದರೆ ಮೇಲೊಂದು ದಾರ ಇಟ್ಟು, ಆ ದಾರವನ್ನು ಅಳೆಯಿರಿ. ಲೋಹದ ಡಿಶ್‌ನ ಸರಾಸರಿ ಬೇರಿನ ಉದ್ದವನ್ನು ನೀರಿನದರ ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಸಹಿಷ್ಣುತಾ ಸೂಚ್ಯಂಕ ಬರುತ್ತದೆ. 40 ಬಂದರೆ, ಬೇರು ಬೆಳೆಯಬೇಕಾದಷ್ಟರಲ್ಲಿ ನೂರಕ್ಕೆ 40 ಭಾಗ ಮಾತ್ರ ಬೆಳೆದಿದೆ ಎಂದರ್ಥ.

ಅತಿ ಕಡಿಮೆ ಅಳತೆಯಲ್ಲಿ ಬೇರು ನೀರಿನದಕ್ಕಿಂತ ಚೂರು ಉದ್ದ ಬಂದರೂ ಗಾಬರಿ ಬೇಡ. ತಾಮ್ರ ಗಿಡಕ್ಕೆ ಚಿಟಿಕೆಯಷ್ಟು ಬೇಕಾದ ಪೋಷಕಾಂಶವೂ ಹೌದು. ಸೀಸಕ್ಕೆ, ಕ್ಯಾಡ್ಮಿಯಂಗೆ ಈ ವಿನಾಯಿತಿ ಇಲ್ಲ.

ಕೈಗವಸು ಹಾಕಿಕೊಂಡೇ ಕೆಲಸ ಮಾಡಿ. ಮೊಳಕೆಯನ್ನು ತಿನ್ನಬಾರದು, ದನಕ್ಕೂ ಹಾಕಬಾರದು. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯದೆ ಹೆಸರು ಬರೆದ ಬಾಟಲಿಯಲ್ಲಿ ತುಂಬಿಸಿ, ಲ್ಯಾಬ್‌ನ ರಾಸಾಯನಿಕ ತ್ಯಾಜ್ಯದ ಜೊತೆ ಕೊಟ್ಟುಬಿಡಿ.