ಸೈಲೆನ್ಸರ್ ಬದಲಿಸುವ ಮುನ್ನ ಕ್ಯಾಟ್ ಎಲ್ಲಿದೆ ನೋಡಿ

ಕಾರಿನ ಸದ್ದು ಇನ್ನೊಂಚೂರು ಗಡುಸಾಗಿರಲಿ ಅನ್ನಿಸುವುದು ಸಹಜ. ಹೊಸ ಎಕ್ಸಾಸ್ಟ್ ಹಾಕಿಸಿ ನಾಲ್ಕು ದಿನ ಖುಷಿಯಾಗಿ ಓಡಾಡಿದ ಮೇಲೆ ಹೊಗೆ ತಪಾಸಣೆಯ ದಿನ ಬರುತ್ತದೆ. ಅಲ್ಲಿ ಕಾರು ಫೇಲಾದರೆ ಎಲ್ಲರೂ ಬೈಯುವುದು ಹಿಂದೆ ಕಾಣುವ ಹೊಸ ಸೈಲೆನ್ಸರನ್ನೇ. ಪಾಪ, ಅದರ ತಪ್ಪು ಇರುವುದು ಅಪರೂಪ. ತೊಂದರೆ ಸಾಮಾನ್ಯವಾಗಿ ಅದಕ್ಕಿಂತ ಮುಂದೆ, ಕಣ್ಣಿಗೆ ಬೀಳದ ಜಾಗದಲ್ಲಿ ಇರುತ್ತದೆ.

ಅದಕ್ಕೇ ಮೊದಲ ಕೆಲಸ ಕಾರಿನ ಕೆಳಗೆ ಇಣುಕುವುದು. ಎಂಜಿನ್ ಪೂರ್ತಿ ತಣ್ಣಗಿರಲಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಟ್ಟೇ ಮಲಗಿ. ಎಂಜಿನ್ನಿಂದ ಹೊರಟ ಪೈಪನ್ನು ಹಿಂದಕ್ಕೆ ನೋಡುತ್ತಾ ಹೋಗಿ. ಮೊದಲು ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡ್, ಆಮೇಲೆ ಅಲ್ಲಿಂದ ಕೆಳಗಿಳಿಯುವ ಡೌನ್‌ಪೈಪ್, ಆಮೇಲೆ ಉಬ್ಬಿದ ಡಬ್ಬಿಯಂಥ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಕ್ಯಾಟ್. ಅದರ ಹಿಂದೆ ಸದ್ದು ಹದಗೊಳಿಸುವ ರೆಸೊನೇಟರ್, ಕೊನೆಗೆ ಸೈಲೆನ್ಸರ್. ಈಚಿನ ಹಲವು ಕಾರುಗಳಲ್ಲಿ ಕ್ಯಾಟ್ ಮ್ಯಾನಿಫೋಲ್ಡ್‌ಗೇ ಅಂಟಿಕೊಂಡಿರುತ್ತದೆ. ಅಂಥ ಕಡೆ ಬಾನೆಟ್ ತೆರೆದು ನೋಡಬೇಕು.

ಕ್ಯಾಟ್ ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳು. ಅವುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದ ಇಂಧನ, ನೈಟ್ರೋಜನ್ ಆಕ್ಸೈಡ್‌ಗಳು ಹಾದುಹೋಗುವಾಗ ಬಹುಪಾಲು ಇಂಗಾಲದ ಡೈಆಕ್ಸೈಡ್, ನೀರಾವಿ, ನೈಟ್ರೋಜನ್ ಆಗಿ ಬದಲಾಗುತ್ತವೆ. ಇದಕ್ಕೆ ಎರಡು ಷರತ್ತು. ಕ್ಯಾಟ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕಾದಿರಬೇಕು. ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿ ಮತ್ತು ಇಂಧನ ತೂಕದಲ್ಲಿ 14.7ಕ್ಕೆ 1ರ ಆಸುಪಾಸಿನಲ್ಲೇ ಇರಬೇಕು. ತಪಾಸಣೆಯವರು ಲ್ಯಾಂಬ್ಡಾ 1 ಅನ್ನುವುದು ಇದನ್ನೇ.

ಯಾವುದನ್ನು ಬದಲಿಸಬಹುದು ಅನ್ನುವುದಕ್ಕೆ ಉತ್ತರ ಇಲ್ಲೇ ಸಿಗುತ್ತದೆ. ಕ್ಯಾಟ್‌ನ ಹಿಂದಿನ ಭಾಗ ಬರೀ ಸದ್ದಿನ ವ್ಯವಹಾರ. ಕ್ಯಾಟ್‌ನಿಂದ ಹಿಂದಿನದನ್ನೆಲ್ಲ ಬದಲಿಸುವ ಕ್ಯಾಟ್‌ಬ್ಯಾಕ್ ಅಥವಾ ಹಿಂದಿನ ಆಕ್ಸಲ್‌ನಿಂದಾಚೆ ಮಾತ್ರ ಬದಲಿಸುವ ಆಕ್ಸಲ್‌ಬ್ಯಾಕ್ ಕಿಟ್ ಹಾಕಿದರೆ ಹೊಗೆಯ ಲೆಕ್ಕ ಹೆಚ್ಚುಕಡಿಮೆ ಆಗುವುದಿಲ್ಲ. ಸದ್ದಿನ ಮಿತಿಯೇ ಬೇರೆ, ಅದನ್ನು ಬೇರೆಯಾಗಿಯೇ ವಿಚಾರಿಸಿಕೊಳ್ಳಿ. ಕ್ಯಾಟ್‌ಗಿಂತ ಮುಂದೆ ಕೈಹಾಕಿದರೆ ಆಟ ಬದಲಾಗುತ್ತದೆ. ಮ್ಯಾನಿಫೋಲ್ಡ್ ಬದಲು ಕೂರುವ ಹೆಡರ್ ಪೈಪುಗಳನ್ನು ಹಾಕಲು ಕ್ಯಾಟನ್ನು ಹಿಂದಕ್ಕೆ ಸರಿಸಿದರೆ ಅದು ಕಾಯಲು ಜಾಸ್ತಿ ಹೊತ್ತು ಬೇಕು. ಕ್ಯಾಟನ್ನೇ ಕಿತ್ತು ನೇರ ಪೈಪ್ ಹಾಕುವುದು ಬಹಳ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಕಣ್ಣಳತೆಯ ತಪಾಸಣೆಯಲ್ಲೇ ಸಿಕ್ಕಿಬೀಳುತ್ತೀರಿ. ಹೈಫ್ಲೋ ಕ್ಯಾಟ್ ಅನ್ನುವುದು ಮೂಲ ಕ್ಯಾಟ್‌ಗೂ ನೇರ ಪೈಪಿಗೂ ನಡುವಿನದು. ತೂತುಗಳು ದೊಡ್ಡವು, ಲೇಪ ಹಿಡಿಯುವ ಜಾಗ ಕಡಿಮೆ. ಪಾಸ್ ಆಗಬಹುದು, ಆಗದಿರಲೂಬಹುದು. ನಿಮ್ಮ ಎಂಜಿನ್ನಿಗೇ ಮಂಜೂರಾದದ್ದು ಎಂಬ ಗುರುತು ಇಲ್ಲದ್ದನ್ನು ನಾನಂತೂ ಮುಟ್ಟುವುದಿಲ್ಲ.

ಟರ್ಬೊ ಇಲ್ಲದ ಸಾಧಾರಣ ಕಾರಿಗೆ ಸೈಲೆನ್ಸರ್ ಬದಲಿಸಿದರೆ ಸಿಗುವ ಹೆಚ್ಚುವರಿ ಶಕ್ತಿ ನಿಮ್ಮ ಕಾಲಿಗೆ ಗೊತ್ತಾಗುವಷ್ಟು ಇರುವುದು ಕಡಿಮೆ. ಸದ್ದು ಜಾಸ್ತಿಯಾದಾಗ ವೇಗವೂ ಜಾಸ್ತಿಯಾದಂತೆ ಅನ್ನಿಸುತ್ತದೆ, ಅಷ್ಟೇ. ಸದ್ದಿಗಾಗಿ ಹಾಕಿಸಿಕೊಳ್ಳಿ, ಪರವಾಗಿಲ್ಲ.

ಜೋಡಿಸುವಾಗ ಲೀಕ್ ಬಿಡಬೇಡಿ

ಜನ ಎಡವುವುದು ಇಲ್ಲೇ. ಎಕ್ಸಾಸ್ಟ್ ಲೀಕ್ ಅಂದರೆ ಹೊಗೆ ಹೊರಗೆ ಹೋಗುವುದು ಮಾತ್ರ ಅಂದುಕೊಳ್ಳುತ್ತೇವೆ ಅಲ್ವಾ? ಪೈಪಿನೊಳಗೆ ಹೊಗೆ ಒಂದೇ ಸಮ ಹರಿಯುವುದಿಲ್ಲ. ಅಲೆ ಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಒತ್ತಡ ಇಳಿದಾಗ ಸಣ್ಣ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಕ್ಯಾಟ್‌ಗಿಂತ ಮುಂದೆ ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಮೊದಲ ಆಕ್ಸಿಜನ್ ಸೆನ್ಸರ್ ಇರುತ್ತದೆ. ಆ ಸಂದಿ ಅದಕ್ಕಿಂತಲೂ ಮುಂದೆ, ಎಂಜಿನ್ ಕಡೆಗೆ ಇದ್ದರೆ, ಆಕ್ಸಿಜನ್ ಜಾಸ್ತಿ ಇದೆ, ಇಂಧನ ಸಾಲುತ್ತಿಲ್ಲ ಎಂದು ಸೆನ್ಸರ್ ತಪ್ಪು ಸುದ್ದಿ ಕೊಡುತ್ತದೆ. ಎಂಜಿನ್ ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಕಾರ್ಬನ್ ಮೊನಾಕ್ಸೈಡ್ ಏರುತ್ತದೆ, ಮೈಲೇಜ್ ಇಳಿಯುತ್ತದೆ. ಹಿಂದಿನ ಭಾಗದಲ್ಲಿ ಲೀಕ್ ಇದ್ದರೆ ತಪಾಸಣೆಯ ಯಂತ್ರಕ್ಕೆ ಗಾಳಿ ಬೆರೆತ ಹೊಗೆ ಸಿಕ್ಕಿ ಲ್ಯಾಂಬ್ಡಾ ಲೆಕ್ಕ ತಪ್ಪುತ್ತದೆ.

ನಾನೂ ಒಮ್ಮೆ ಜಾಯಿಂಟಿನ ಸಂದಿ ಮುಚ್ಚುವ ಹಳೇ ಗ್ಯಾಸ್ಕೆಟ್ ಚೆನ್ನಾಗಿಯೇ ಇದೆ ಅಂತ ಅದನ್ನೇ ಮತ್ತೆ ಹಾಕಿ ಫೇಲಾದವನು. ಬಿಚ್ಚಿದ ಪ್ರತಿ ಜಾಯಿಂಟಿಗೂ ಹೊಸ ಗ್ಯಾಸ್ಕೆಟ್ ಹಾಕಿ. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಕೂರಿಸಿ. ಪೈಪ್ ರಬ್ಬರ್ ಹ್ಯಾಂಗರುಗಳಲ್ಲಿ ನೆಟ್ಟಗೆ ನೇತಾಡುತ್ತಿದೆಯೇ, ಬಾಡಿಗೆ ತಾಗುತ್ತಿಲ್ಲವೇ ನೋಡಿಕೊಂಡು ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. ಸೀಲಂಟ್ ಬೇಕೇಬೇಕಾದರೆ ಸೆನ್ಸರಿಗೆ ಹಾನಿ ಮಾಡದ್ದು ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ತನ್ನಿ. ಸಾಮಾನ್ಯ ಸಿಲಿಕೋನ್ ಆವಿ ಆಕ್ಸಿಜನ್ ಸೆನ್ಸರನ್ನು ಕೊಲ್ಲುತ್ತದೆ.

ಲೀಕ್ ಹುಡುಕಲು ದೊಡ್ಡ ಸಾಧನ ಬೇಡ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ, ಪೈಪ್ ಕಾಯುವ ಮೊದಲು, ಜಾಯಿಂಟುಗಳಿಗೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದ ಕಡೆ ಲೀಕ್. ಬಯಲಲ್ಲೇ ಮಾಡಿ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಖಂಡಿತ ಬೇಡ. ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ. ಜಾಯಿಂಟಿನ ಸುತ್ತ ಕಪ್ಪು ಮಸಿ ಕಟ್ಟಿದ್ದರೆ ಅದೂ ಲೀಕೇ.

ಪೈಪಿನ ಬಾಲದ ತುದಿಯನ್ನೂ ಮರೆಯಬೇಡಿ. ಪರೀಕ್ಷೆಯವರು ಹೊಗೆ ಹೀರಿ ಅಳೆಯುವ ಕಡ್ಡಿಯನ್ನು, ಅಂದರೆ ಪ್ರೋಬನ್ನು, ಸಾಮಾನ್ಯವಾಗಿ ಪೈಪಿನೊಳಗೆ ಸುಮಾರು 30 ಸೆಂಟಿಮೀಟರ್ ತೂರಿಸಬೇಕು. ಕೆಲವು ಚೆಂದದ ಟಿಪ್‌ಗಳ ಒಳಗೆ ಅಡ್ಡ ತಗಡು, ತಿರುವು ಇರುತ್ತದೆ. ಪ್ರೋಬ್ ಒಳಗೆ ಹೋಗದಿದ್ದರೆ ಅದಕ್ಕೆ ಸಿಗುವುದು ಹೊರಗಿನ ಗಾಳಿಯೇ.

ಸೆನ್ಸರ್ ಮತ್ತು ಸ್ಕ್ಯಾನರ್

ಕ್ಯಾಟ್‌ನ ಹಿಂದೆ ಎರಡನೇ ಆಕ್ಸಿಜನ್ ಸೆನ್ಸರ್ ಇರುತ್ತದೆ. ಕ್ಯಾಟ್ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಕಾವಲುಗಾರ ಅದು. ಮುಂದಿನ ಹಳೇ ಮಾದರಿಯ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಕುಣಿಯುತ್ತಿದ್ದರೆ ಹಿಂದಿನದು ಬಹುತೇಕ ಒಂದೇ ಮಟ್ಟದಲ್ಲಿ ನಿಲ್ಲಬೇಕು. ಅದೂ ಕುಣಿಯತೊಡಗಿದರೆ ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಪಿ0420 ದೋಷದ ಕೋಡ್ ಬಂದು ಚೆಕ್ ಎಂಜಿನ್ ಲೈಟ್ ಹತ್ತುತ್ತದೆ. ಸೆನ್ಸರನ್ನು ಸ್ಪೇಸರ್ ಹಾಕಿ ದೂರ ಕೂರಿಸಿ ಲೈಟ್ ಆರಿಸುವ ಉಪಾಯ ಹೇಳುವವರಿದ್ದಾರೆ. ಅದರಿಂದ ಕಂಪ್ಯೂಟರ್ ಸುಮ್ಮನಾಗಬಹುದು, ಪ್ರೋಬ್ ಸುಮ್ಮನಾಗುವುದಿಲ್ಲ.

ಬ್ಯಾಟರಿ ಬಿಚ್ಚಿ ಕೋಡ್ ಅಳಿಸಿ ನೇರ ತಪಾಸಣೆಗೆ ಹೋಗುವುದೂ ವ್ಯರ್ಥ. ಕೋಡ್ ಜೊತೆಗೆ ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳ ದಾಖಲೆಯೂ ಅಳಿಸಿಹೋಗುತ್ತದೆ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆ ಒಬಿಡಿ-2, ಅಂದರೆ ಕಾರೇ ತನ್ನ ದೋಷ ಹುಡುಕಿ ದಾಖಲಿಸುವ ವ್ಯವಸ್ಥೆ, ಕಡ್ಡಾಯ. ಅಲ್ಲಿನಂತೆ ಕಂಪ್ಯೂಟರನ್ನೇ ಓದುವ ಕಡೆಗಳಲ್ಲಿ ಈ ಪರೀಕ್ಷೆಗಳು ಮುಗಿದಿಲ್ಲದಿದ್ದರೆ ಕಾರನ್ನು ವಾಪಸ್ ಕಳಿಸುತ್ತಾರೆ. ಕೋಡ್ ಅಳಿಸಿದ ಮೇಲೆ ಕೆಲವು ದಿನ ಊರೊಳಗೂ ಹೆದ್ದಾರಿಯಲ್ಲೂ ಓಡಿಸಿ. ಚಿಕ್ಕ ಸ್ಕ್ಯಾನರ್ ಚುಚ್ಚಿ ಮಾನಿಟರುಗಳು, ಅಂದರೆ ಆ ಸ್ವಯಂ ಪರೀಕ್ಷೆಗಳು, ಎಲ್ಲ ರೆಡಿ ಆಗಿವೆಯೇ ನೋಡಿ.

ತಪಾಸಣೆಯ ದಿನ

ಇಪ್ಪತ್ತು ನಿಮಿಷವಾದರೂ ಓಡಿಸಿಕೊಂಡೇ ಹೋಗಿ. ಸಾಲಿನಲ್ಲಿ ತುಂಬ ಹೊತ್ತು ಎಂಜಿನ್ ಆಫ್ ಮಾಡಿ ನಿಲ್ಲಿಸಿದರೆ ಕ್ಯಾಟ್ ತಣ್ಣಗಾಗುತ್ತದೆ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಹಳತಾಗಿದ್ದರೆ ಮೊದಲೇ ಬದಲಿಸಿ. ಆಯಿಲಿಗೆ ಪೆಟ್ರೋಲ್ ಬೆರೆತಿದ್ದರೆ ಅದರ ಆವಿಯೂ ಎಂಜಿನ್ನಿಗೆ ಹೋಗಿ ಲೆಕ್ಕ ಕೆಡಿಸುತ್ತದೆ.

ಡೀಸೆಲ್ ಕಾರಿನದು ಬೇರೆ ಕಥೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊಗೆಯ ಕಪ್ಪನ್ನು ಅಳೆಯುತ್ತಾರೆ. ಮಸಿ ಹಿಡಿಯುವ ಡಿಪಿಎಫ್ ಇರುವ ಕಾರಿನಲ್ಲಿ ಅದನ್ನು ತೆಗೆಸಲು ಹೋಗಲೇಬೇಡಿ.

ಫೇಲಾದರೆ ಚೀಟಿ ಓದಿ. ಕಾರ್ಬನ್ ಮೊನಾಕ್ಸೈಡ್ ಹೆಚ್ಚು, ಲ್ಯಾಂಬ್ಡಾ 1ಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಮುಂದಿನ ಸೆನ್ಸರ್, ಅದರ ಮುಂದಿನ ಲೀಕ್ ನೋಡಿ. ಲ್ಯಾಂಬ್ಡಾ, ಆಕ್ಸಿಜನ್ ಎರಡೂ ಹೆಚ್ಚಿದ್ದರೆ ಹಿಂದಿನ ಜಾಯಿಂಟ್ ಹುಡುಕಿ. ಹೈಡ್ರೋಕಾರ್ಬನ್, ಅಂದರೆ ಉರಿಯದೆ ಉಳಿದ ಇಂಧನ, ಮಾತ್ರ ವಿಪರೀತ ಇದ್ದರೆ ಪ್ಲಗ್ ಸರಿಯಾಗಿ ಉರಿಸುತ್ತಿಲ್ಲದಿರಬಹುದು. ಅದನ್ನು ಹಾಗೇ ಬಿಟ್ಟರೆ ಉಳಿದ ಪೆಟ್ರೋಲ್ ಕ್ಯಾಟ್ ಒಳಗೆ ಉರಿದು ಜೇನುಗೂಡೇ ಕರಗುತ್ತದೆ. ಲ್ಯಾಂಬ್ಡಾ ಸರಿ ಇದ್ದೂ, ಎಂಜಿನ್ ಬಿಸಿ ಇದ್ದೂ ಉಳಿದ ಲೆಕ್ಕವೆಲ್ಲ ಮೇಲಿದ್ದರೆ ಕ್ಯಾಟ್‌ನ ಆಯಸ್ಸು ಮುಗಿದಿರಬಹುದು. ಆಗ ಕಾರಿನ ಜೊತೆ ಬಂದಿದ್ದ ಹಳೇ ಪೈಪುಗಳನ್ನು ಹಾಕಿ ಇನ್ನೊಮ್ಮೆ ಅಳೆಸಿ. ಲೆಕ್ಕ ಇಳಿಯದಿದ್ದರೆ ಹೊಸ ಸೈಲೆನ್ಸರಿನ ಮೇಲೆ ಅನುಮಾನ ಬೇಡ. ಗುಜರಿಗೆ ಹಾಕದೆ ಅವನ್ನು ಎತ್ತಿಟ್ಟಿದ್ದೀರಿ ತಾನೆ?