ರೇಡಿಯೊ ಟವರಿಗೆ ಹೊಸ ಫ್ರೀಕ್ವೆನ್ಸಿ: ಮೊದಲು ಕೈಯಲ್ಲಿರುವ ಸೆಟ್, ಕೊನೆಗೆ ಗುಡ್ಡದ ಮೇಲಿನ ಪೆಟ್ಟಿಗೆ

ವಾಕಿಟಾಕಿಯಲ್ಲಿ ಚಾನೆಲ್ ಬದಲಿಸಲು ಗುಂಡಿಯನ್ನು ಒಂದು ಸಲ ತಿರುಗಿಸಿದರೆ ಸಾಕು. ಅದರ ಮಾತನ್ನು ಹಿಡಿದು ದೂರಕ್ಕೆ ಮರಳಿ ಬಿತ್ತರಿಸುವ ರಿಪೀಟರನ್ನು ಹೊಸ ಫ್ರೀಕ್ವೆನ್ಸಿಗೆ ಒಯ್ಯುವುದು ಬೇರೆಯೇ ಕೆಲಸ. ಕಂಪ್ಯೂಟರ್ ಜೋಡಿಸಿ ಎರಡು ಸಂಖ್ಯೆ ತಿದ್ದುವುದಕ್ಕೆ ಐದು ನಿಮಿಷ ಸಾಕು, ನಿಜ. ಉಳಿದದ್ದಕ್ಕೆ ತಿಂಗಳುಗಳೇ ಬೇಕು. ಅಮೆರಿಕದಲ್ಲಿ 800 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ದಳದ ರೇಡಿಯೊಗಳಿಗೆ ಮೊಬೈಲ್ ಜಾಲದ ಕಿರಿಕಿರಿ ಹೆಚ್ಚಾದಾಗ, ಎರಡನ್ನೂ ಬೇರ್ಪಡಿಸಲು ಅಲ್ಲಿನ ಸಂವಹನ ಆಯೋಗ 2004ರಲ್ಲಿ ಆದೇಶ ಹೊರಡಿಸಿತು. ಸುರಕ್ಷತಾ ಸೇವೆಗಳ ಒಂದು ಗುಂಪಿನ ಚಾನೆಲ್‌ಗಳನ್ನು 15 ಮೆಗಾಹರ್ಟ್ಸ್ ಕೆಳಕ್ಕೆ ಸರಿಸಬೇಕಿತ್ತು. 36 ತಿಂಗಳಲ್ಲಿ ಮುಗಿಸುವ ಲೆಕ್ಕಾಚಾರದಲ್ಲಿ 2005ರಲ್ಲಿ ಶುರುವಾದ ಕೆಲಸಕ್ಕೆ ಆಯೋಗ ತೆರೆ ಎಳೆದದ್ದು 2021ರಲ್ಲಿ. ಒಂದೇ ಟವರ್ ಇರುವವರು ಅಷ್ಟು ಹೆದರಬೇಕಾಗಿಲ್ಲ. ಆದರೆ ಕೆಲಸದ ಸರದಿ ಮಾತ್ರ ಅದೇ.

ಮೊದಲು ಎಣಿಕೆ. ಕೈಸೆಟ್, ವಾಹನದ ಸೆಟ್, ಮೇಜಿನ ಮೇಲಿನ ಸೆಟ್, ರಿಪೇರಿಗೆ ಹೋದದ್ದು, ಕಪಾಟಿನಲ್ಲಿ ಮರೆತದ್ದು ಎಲ್ಲವನ್ನೂ ಬರೆದುಕೊಳ್ಳಿ. ಪ್ರತಿ ಮಾಡೆಲ್ ಹೊಸ ಫ್ರೀಕ್ವೆನ್ಸಿಯನ್ನು ಮುಟ್ಟುತ್ತದೆಯೇ, ಹೊಸ ಚಾನೆಲ್ 12.5 ಕಿಲೋಹರ್ಟ್ಸ್ ಅಗಲದ್ದಾದರೆ ಅದಕ್ಕೆ ಹೊಂದುತ್ತದೆಯೇ ನೋಡಿ. ನಿಮ್ಮ ಚಾನೆಲ್ಲಿನಲ್ಲಿ ಆಗೊಮ್ಮೆ ಈಗೊಮ್ಮೆ ಮಾತನಾಡುವ ಅಕ್ಕಪಕ್ಕದ ಸಂಸ್ಥೆಗಳ ಸೆಟ್‌ಗಳೂ ಈ ಪಟ್ಟಿಗೆ ಸೇರಬೇಕು. ಅವರನ್ನು ಬಿಟ್ಟರೆ ತೊಂದರೆ ತಿಳಿಯುವುದು ತುರ್ತು ಬಂದ ದಿನವೇ.

ಕಾಗದದ ಮೇಲೆ ಗುಣಾಕಾರ. ಲೈಸೆನ್ಸಿಗೆ ಅರ್ಜಿ ಹಾಕುವ ಮುನ್ನ ಅದೇ ಗುಡ್ಡದ ಮೇಲೆ ಇನ್ನೂ ಯಾರ್ಯಾರು ಪ್ರಸಾರ ಮಾಡುತ್ತಿದ್ದಾರೆಂದು ತಿಳಿದುಕೊಳ್ಳಿ. ಎರಡು ಟ್ರಾನ್ಸ್‌ಮಿಟರ್‌ಗಳು ಬೆರೆತರೆ, ಯಾರಿಗೂ ಬೇಡದ ಮೂರನೆಯ ಫ್ರೀಕ್ವೆನ್ಸಿಯೊಂದು ಹುಟ್ಟುತ್ತದೆ. ಒಂದರ ಎರಡರಷ್ಟರಲ್ಲಿ ಇನ್ನೊಂದನ್ನು ಕಳೆದರೆ ಅದು ಎಲ್ಲಿ ಬೀಳುತ್ತದೆಂದು ಗೊತ್ತಾಗುತ್ತದೆ. ನಿಮ್ಮದು 155.100 ಮೆಗಾಹರ್ಟ್ಸ್, ನೆರೆಯವರದು 155.250 ಎಂದಿಟ್ಟುಕೊಳ್ಳಿ: 310.200ರಲ್ಲಿ 155.250 ಕಳೆದರೆ 154.950. ಅದೇ ಜಾಗದಲ್ಲಿ ಯಾರಾದರೂ ಕಿವಿಗೊಟ್ಟು ಕುಳಿತಿದ್ದರೆ, ನೀವಿಬ್ಬರೂ ಒಟ್ಟಿಗೆ ಮಾತನಾಡಿದಾಗಲೆಲ್ಲ ಅವರ ಕಿವಿ ತುಂಬುತ್ತದೆ.

ಸೆಟ್‌ಗಳೇ ಮೊದಲು. ಲೈಸೆನ್ಸ್ ಬಂದ ಕೂಡಲೇ ಟವರ್ ಹತ್ತುವ ಆಸೆ ಹುಟ್ಟುತ್ತದೆ. ಬೇಡ. ಒಂದೊಂದೇ ಸೆಟ್ ತರಿಸಿ, ಹಳೆಯ ಚಾನೆಲ್ಲನ್ನು ಹಾಗೇ ಉಳಿಸಿ, ಹೊಸದನ್ನು ಅದರ ಪಕ್ಕದಲ್ಲಿ ತುಂಬಿ. ಎಲ್ಲರ ಸೆಟ್ಟಿನಲ್ಲೂ ಹೊಸ ಚಾನೆಲ್ ಒಂದೇ ಸ್ಥಾನದಲ್ಲಿ, ಒಂದೇ ಹೆಸರಿನಲ್ಲಿ ಇರಲಿ. ರಿಪೀಟರ್ ತೆರೆಯಲು ಬೇಕಾದ ಟೋನ್, ಅಂದರೆ ಮಾತಿನ ಜೊತೆಗೇ ಹೋಗುವ ಗುರುತಿನ ಸಣ್ಣ ಸ್ವರ, ಹಾಕುವುದನ್ನು ಮರೆತರೆ ಮಾತು ಅಲ್ಲಿಗೆ ತಲುಪಿಯೂ ಮುಂದಕ್ಕೆ ಹೋಗದು. ಕೊನೆಯ ಸೆಟ್ ತಯಾರಾಗುವವರೆಗೆ ಗುಡ್ಡದ ಮೇಲೆ ಏನನ್ನೂ ಮುಟ್ಟಬೇಡಿ.

ಡುಪ್ಲೆಕ್ಸರ್: ನಿಜವಾದ ಕೆಲಸ ಇಲ್ಲಿದೆ. ರಿಪೀಟರ್ ಒಂದೇ ಆಂಟೆನಾದಲ್ಲಿ ಏಕಕಾಲಕ್ಕೆ ಕೇಳುತ್ತದೆ, ಕೂಗುತ್ತದೆ. ಕೂಗುವುದು 50 ವಾಟ್‌ನಲ್ಲಿ ಎನ್ನೋಣ. ಕೇಳಬೇಕಾದದ್ದು ಕಾಲು ಮೈಕ್ರೊವೋಲ್ಟಿನ ಪಿಸುಮಾತು. ಎರಡರ ನಡುವಿನ ಅಂತರ ಸುಮಾರು 166 ಡೆಸಿಬೆಲ್, ಅಂದರೆ ಕೂಗು ಪಿಸುಮಾತಿನ ನಾನೂರು ಕೋಟಿ ಕೋಟಿ ಪಟ್ಟು! ಈ ಕೂಗು ಪಕ್ಕದ ಕಿವಿಗೆ ಬಡಿಯದಂತೆ ತಡೆಯುವುದು ಡುಪ್ಲೆಕ್ಸರ್ ಎಂಬ ಲೋಹದ ಡಬ್ಬಿಗಳ ಸಾಲು. ಇವುಗಳನ್ನು ಕ್ಯಾವಿಟಿ ಎನ್ನುತ್ತಾರೆ. ಪ್ರತಿ ಡಬ್ಬಿಯೊಳಗಿನ ಸರಳನ್ನು ಮೇಲೆ ಕೆಳಗೆ ಸರಿಸಿ ಒಂದೊಂದು ಫ್ರೀಕ್ವೆನ್ಸಿಗೆ ಕೂರಿಸಿರುತ್ತಾರೆ. ರಿಪೀಟರಿನಲ್ಲಿ ಸಂಖ್ಯೆ ಬದಲಿಸಿ ಡಬ್ಬಿಗಳನ್ನು ಹಾಗೇ ಬಿಟ್ಟರೆ ಶಕ್ತಿಯೆಲ್ಲ ಅಲ್ಲೇ ತಿರುಗಿ ಬಡಿಯುತ್ತದೆ.

ಡಬ್ಬಿಗಳನ್ನು ಕಣ್ಣಳತೆಯಲ್ಲಾಗಲಿ, ವಾಟ್‌ಮೀಟರ್ ಒಂದನ್ನೇ ನಂಬಿಯಾಗಲಿ ತಿರುಗಿಸಬಾರದು. ಯಾವ ಫ್ರೀಕ್ವೆನ್ಸಿ ಎಷ್ಟು ದಾಟುತ್ತದೆ, ಎಷ್ಟು ತಡೆಯಲ್ಪಡುತ್ತದೆ ಎಂದು ತೋರಿಸುವ ನೆಟ್‌ವರ್ಕ್ ಅನಲೈಸರ್ ಬೇಕೇ ಬೇಕು. ಸರಳಿನ ನಟ್ ಬಿಗಿ ಮಾಡಿದಾಗ ಟ್ಯೂನ್ ಒಂದಿಷ್ಟು ಜಾರುತ್ತದೆ, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಡಬ್ಬಿಗಳ ನಡುವಿನ ತುಂಡು ಕೇಬಲ್‌ಗಳ ಉದ್ದವೂ ಫ್ರೀಕ್ವೆನ್ಸಿಗೆ ತಕ್ಕಂತೆ ಕತ್ತರಿಸಿದ್ದು. ಬಹಳ ದೂರ ಸರಿಯುವುದಾದರೆ ಅವನ್ನೂ ಬದಲಿಸಬೇಕಾದೀತು. ಕೂಗುವ, ಕೇಳುವ ಫ್ರೀಕ್ವೆನ್ಸಿಗಳ ಅಂತರ ಮೊದಲಿಗಿಂತ ಕಡಿಮೆಯಾದರೆ ಹಳೆಯ ಡುಪ್ಲೆಕ್ಸರಿಗೆ ತಡೆಯುವ ಕಸುವೇ ಇರಲಿಕ್ಕಿಲ್ಲ. ನನ್ನನ್ನು ಕೇಳಿದರೆ, ಖರ್ಚು ಉಳಿಸಲು ಬೇರೆಲ್ಲಾದರೂ ನೋಡಿ. ಇನ್ನೊಂದು ಡುಪ್ಲೆಕ್ಸರ್ ತಂದು ಕಾರ್ಯಾಗಾರದಲ್ಲೇ ಟ್ಯೂನ್ ಮಾಡಿ ಒಯ್ಯಿರಿ. ಗಾಳಿ ಬೀಸುವ ಗುಡ್ಡದಲ್ಲಿ, ಮಧ್ಯರಾತ್ರಿ, ಜಾಲ ಸತ್ತು ಬಿದ್ದಿರುವಾಗ ಮಾಡುವ ಕೆಲಸ ಇದಲ್ಲ.

ಆಂಟೆನಾ ಬಗ್ಗೆ ಇಷ್ಟು ಚಿಂತೆ ಬೇಡ. ಅದು ಕೆಲಸ ಮಾಡುವ ಫ್ರೀಕ್ವೆನ್ಸಿಗಳ ವ್ಯಾಪ್ತಿ ಸಾಮಾನ್ಯವಾಗಿ ಅಗಲ. ಆದರೂ ಹೊಸ ಫ್ರೀಕ್ವೆನ್ಸಿಯಲ್ಲಿ ಎಸ್‌ಡಬ್ಲ್ಯುಆರ್ ಅಳೆಯಿರಿ; ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ಮರಳುತ್ತದೆ ಎಂಬುದರ ಸೂಚಕ ಅದು. 1.5 ಬಂದರೆ ನೂರಕ್ಕೆ 4ರಷ್ಟು ಶಕ್ತಿ ಮರಳುತ್ತದೆ, ನಡೆಯುತ್ತದೆ. 2 ಬಂದರೆ ನೂರಕ್ಕೆ 11, ಕಾರಣ ಹುಡುಕಿ.

ಬದಲಾವಣೆಯ ದಿನ. ಬಿಚ್ಚುವ ಮೊದಲು ಹಳೆಯ ಸ್ಥಿತಿಯನ್ನು ಅಳೆದು ಬರೆದಿಡಿ: ಹೋಗುವ ಶಕ್ತಿ, ಮರಳುವ ಶಕ್ತಿ, ರಿಸೀವರ್ ಎಷ್ಟು ಸಣ್ಣ ಸಿಗ್ನಲ್ ಹಿಡಿಯುತ್ತದೆ. ಇದಿಲ್ಲದಿದ್ದರೆ ನಾಳೆ ಯಾರಾದರೂ ‘ಮೊದಲು ಚೆನ್ನಾಗಿ ಕೇಳುತ್ತಿತ್ತು’ ಎಂದಾಗ ಉತ್ತರವಿರುವುದಿಲ್ಲ. ಸಾಧ್ಯವಾದರೆ ಬೇರೆ ಆಂಟೆನಾಗೆ ತಾತ್ಕಾಲಿಕ ರಿಪೀಟರ್ ಜೋಡಿಸಿ ಹೊಸ ಚಾನೆಲ್ ಮೊದಲೇ ಎಬ್ಬಿಸಿ. ಎಲ್ಲರೂ ಅತ್ತ ಸರಿದ ಮೇಲೆ ಹಳೆಯದನ್ನು ನಿಧಾನವಾಗಿ ಬದಲಿಸಬಹುದು. ಬೇರೆ ಜಾಗಗಳಲ್ಲಿ ಬರೀ ಕೇಳಲೆಂದು ಇಟ್ಟ ರಿಸೀವರ್‌ಗಳಿದ್ದರೆ ಅವುಗಳ ನೆನಪಿರಲಿ. ಅವು ಪ್ರಸಾರ ಮಾಡುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಜೋಡಿಸಿ ಮುಗಿದ ಮೇಲೆ ಒಂದು ಪರೀಕ್ಷೆಯನ್ನು ಬಿಡಲೇಬಾರದು. ಆಂಟೆನಾ ದಾರಿಯಲ್ಲಿ ಕಪ್ಲರ್ (ಹೊರಗಿನ ಸಿಗ್ನಲ್ಲನ್ನು ಕೇಬಲ್ಲಿನೊಳಗೆ ಬೆರೆಸುವ ಜೋಡಣೆ) ಇಟ್ಟು ಕೇಳಿಯೂ ಕೇಳದಷ್ಟು ಸಣ್ಣ ಸಿಗ್ನಲ್ ಕೊಡಿ. ಈಗ ಟ್ರಾನ್ಸ್‌ಮಿಟರ್ ಹಚ್ಚಿ. ಅದೇ ಸಿಗ್ನಲ್ ಮೊದಲಿನಂತೆ ಕೇಳಿದರೆ ಡುಪ್ಲೆಕ್ಸರ್ ಸರಿಯಿದೆ. ಗರಗರ ಸದ್ದಿನಲ್ಲಿ ಮುಳುಗಿದರೆ ರಿಪೀಟರ್ ತನ್ನ ಕೂಗಿಗೆ ತಾನೇ ಕಿವುಡಾಗಿದೆ. ಆಮೇಲೆ ವಾಹನ ಹತ್ತಿ, ಹಿಂದೆ ಮಾತು ಕಡಿಯುತ್ತಿದ್ದ ತಿರುವುಗಳಲ್ಲೇ ನಿಂತು ಮಾತನಾಡಿ ನೋಡಿ.

ಹಳೆಯದನ್ನು ಅಳಿಸಿ. ಕೆಲವು ವಾರ ಕಳೆದ ಮೇಲೆ ಸೆಟ್‌ಗಳನ್ನು ಮತ್ತೊಮ್ಮೆ ಕರೆಸಿ ಹಳೆಯ ಚಾನೆಲ್ ತೆಗೆಯಿರಿ, ಹಳೆಯ ಲೈಸೆನ್ಸ್ ಒಪ್ಪಿಸಿ. ಆ ಫ್ರೀಕ್ವೆನ್ಸಿ ನಾಳೆ ಬೇರೆಯವರದು; ಕಪಾಟಿನಲ್ಲಿ ಮರೆತ ಸೆಟ್ಟನ್ನು ಯಾರೋ ತೆಗೆದು ಒತ್ತಿದರೆ ಅವರ ಮಾತು ಕೆಡುತ್ತದೆ. ಆ ಕಪಾಟಿನ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಎಣಿಕೆಯ ದಿನವೇ ಪಟ್ಟಿಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.